ಇಪ್ಪತ್ತು ಡಾಲರಿಗೆ ಎಷ್ಟು ಕೆಲಸ? ಕೋಪೈಲಟ್, ಕರ್ಸರ್, ಕ್ಲಾಡ್ ಕೋಡ್ ಮಿತಿಗಳ ಲೆಕ್ಕ

ಎಐನಿಂದ ಕೋಡ್ ಬರೆಯಿಸುವ ಉಪಕರಣಗಳ ಪೈಕಿ ಕರ್ಸರ್ ಪ್ರೊ ತಿಂಗಳಿಗೆ 20 ಡಾಲರ್. ಕ್ಲಾಡ್ ಕೋಡ್ ಸಿಗುವ ಕ್ಲಾಡ್ ಪ್ರೊ 20 ಡಾಲರ್. ಓಪನ್‌ಎಐಯ ಕೋಡಿಂಗ್ ಏಜೆಂಟ್ ಕೋಡೆಕ್ಸ್ ಸಿಗುವ ಚಾಟ್‌ಜಿಪಿಟಿ ಪ್ಲಸ್ ಕೂಡ 20 ಡಾಲರ್. ಗಿಟ್‌ಹಬ್ ಕೋಪೈಲಟ್ ಪ್ರೊ ಮಾತ್ರ 10. ಬೆಲೆ ಹೀಗೆ ಹತ್ತಿರ ಹತ್ತಿರವೇ ಇದ್ದರೂ ಒಬ್ಬೊಬ್ಬರು ಒಂದೊಂದು ಸೇರಿನಲ್ಲಿ ಅಳೆದು ಕೊಡುತ್ತಾರೆ. ಒಬ್ಬರು ರಿಕ್ವೆಸ್ಟ್ ಎಣಿಸುತ್ತಾರೆ, ಇನ್ನೊಬ್ಬರು ಟೋಕನ್ನಿಗೆ (ಎಐ ಮಾಡೆಲ್ ಓದುವ, ಬರೆಯುವ ಪಠ್ಯದ ಸಣ್ಣ ತುಣುಕಿಗೆ) ದರ ಹಾಕಿ ಡಾಲರಿನಲ್ಲಿ ಕಳೆಯುತ್ತಾರೆ, ಮತ್ತೊಬ್ಬರು ಶೇಕಡಾವಾರು ಪಟ್ಟಿ ತೋರಿಸಿ ಸುಮ್ಮನಾಗುತ್ತಾರೆ. ಯಾವ ಮಾಡೆಲ್ ಚೆನ್ನಾಗಿ ಕೋಡ್ ಬರೆಯುತ್ತದೆ ಎಂಬ ಚರ್ಚೆ ಇಲ್ಲಿಲ್ಲ. ಎಂಟರ್ ಒತ್ತುವ ಮೊದಲು ‘ಇದಕ್ಕೆ ಎಷ್ಟು ಹೋಗುತ್ತದೆ’ ಎಂದು ಹಣ ಕೊಟ್ಟವರಿಗೆ ಗೊತ್ತಾಗುತ್ತದೆಯೇ ಇಲ್ಲವೇ, ಅಷ್ಟನ್ನೇ ನೋಡಿದ್ದೇವೆ. ಅಂಕಿ, ನಿಯಮಗಳೆಲ್ಲ 2025ರ ಯೋಜನೆಗಳವು, ಈಗ ಬದಲಾಗಿರಬಹುದು. ಕೊಳ್ಳುವ ದಿನ ದರಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

ಖರ್ಚು ಹುಟ್ಟುವ ಜಾಗ

ಚಾಟ್‌ನಲ್ಲಿ ಒಂದು ಪ್ರಶ್ನೆಗೆ ಒಂದು ಉತ್ತರ. ಏಜೆಂಟ್ ಹಾಗಲ್ಲ. ‘ಈ ಟೆಸ್ಟ್ ಯಾಕೆ ಫೇಲ್ ಆಗುತ್ತಿದೆ ನೋಡು’ ಎಂದರೆ ಅದು ಫೈಲ್ ತೆರೆಯುತ್ತದೆ, ಹುಡುಕುತ್ತದೆ, ತಿದ್ದುತ್ತದೆ, ಟೆಸ್ಟ್ ಓಡಿಸುತ್ತದೆ, ಮತ್ತೆ ತಿದ್ದುತ್ತದೆ. ಒಂದು ಕೆಲಸಕ್ಕೆ 30 ಹೆಜ್ಜೆ ಆಗುವುದು ಸಾಮಾನ್ಯ. ಮಾಡೆಲ್‌ಗೆ ಹಿಂದಿನ ಹೆಜ್ಜೆಯ ನೆನಪಿರುವುದಿಲ್ಲ. ಆದ್ದರಿಂದ ಪ್ರತಿ ಹೆಜ್ಜೆಗೂ ಅಲ್ಲಿಯವರೆಗಿನ ಮಾತುಕತೆ, ಓದಿದ ಫೈಲುಗಳು, ಟೂಲ್‌ಗಳ ವಿವರಣೆ ಎಲ್ಲವೂ ಮತ್ತೆ ಹೋಗಬೇಕು. ಇದೆಲ್ಲ ಸೇರಿದ್ದೇ ಕಾಂಟೆಕ್ಸ್ಟ್.

ಲೆಕ್ಕ ಹಾಕಿದರೆ ಇದರ ತೂಕ ಗೊತ್ತಾಗುತ್ತದೆ. ಆಂಥ್ರೋಪಿಕ್ ಕಂಪನಿಯ ಮಾಡೆಲ್ ಕ್ಲಾಡ್ ಸಾನೆಟ್ 4ರ ಎಪಿಐ ದರ, ಅಂದರೆ ಚಂದಾ ಇಲ್ಲದೆ ಬಳಸಿದಷ್ಟಕ್ಕೇ ಕೊಡುವ ದರ, ಹತ್ತು ಲಕ್ಷ ಇನ್‌ಪುಟ್ ಟೋಕನ್ನಿಗೆ 3 ಡಾಲರ್, ಔಟ್‌ಪುಟ್‌ಗೆ 15. ಕಳಿಸಿದ್ದನ್ನು ಸರ್ವರಿನಲ್ಲೇ ಸ್ವಲ್ಪ ಹೊತ್ತು ಉಳಿಸಿಡುವ ಪ್ರಾಂಪ್ಟ್ ಕ್ಯಾಶಿಂಗ್ ಬಳಸಿದರೆ ಮೊದಲ ಸಲ ಬರೆದಿಡಲು 3.75, ಆಮೇಲೆ ಪ್ರತಿ ಸಲ ಓದಲು 0.30. ಕಾಂಟೆಕ್ಸ್ಟ್ 80,000 ಟೋಕನ್ ಇರುವ ಸೆಷನ್ನಿನಲ್ಲಿ 30 ಹೆಜ್ಜೆ ಎಂದರೆ 24 ಲಕ್ಷ ಟೋಕನ್ ಓದಿದಂತೆ. ಕ್ಯಾಶ್ ಸರಿಯಾಗಿ ಸಿಕ್ಕರೆ ಈ ಓದಿಗೆ 72 ಸೆಂಟ್, ಬರೆದಿಡಲು 30 ಸೆಂಟ್, ಹೆಜ್ಜೆಗೆ 500ರಂತೆ 15,000 ಔಟ್‌ಪುಟ್ ಟೋಕನ್ನಿಗೆ ಸುಮಾರು 23 ಸೆಂಟ್. ಒಟ್ಟು 1.25 ಡಾಲರ್. ಕ್ಯಾಶ್ ಇಲ್ಲದಿದ್ದರೆ ಅದೇ ಕೆಲಸಕ್ಕೆ 7.40 ಡಾಲರ್ ದಾಟುತ್ತದೆ. ಈ 1.25 ಡಾಲರಿನ ಕೆಲಸವನ್ನೇ ಮುಂದೆ ಎಲ್ಲ ಕಡೆ ಅಳತೆಗಲ್ಲಾಗಿ ಇಟ್ಟುಕೊಂಡಿದ್ದೇವೆ.

ಆಂಥ್ರೋಪಿಕ್ ಎಪಿಐಯಲ್ಲಿ ಈ ಕ್ಯಾಶ್ ಸಾಮಾನ್ಯವಾಗಿ 5 ನಿಮಿಷ ಇರುತ್ತದೆ. 1 ಗಂಟೆಯದೂ ಇದೆ, ಆದರೆ ಬರೆಯುವ ದರ ಮೂಲ ಇನ್‌ಪುಟ್ ದರದ 2 ಪಟ್ಟು. ಮಧ್ಯೆ ಎದ್ದು ಕಾಫಿ ಕುಡಿದು ಬಂದು ‘ಸರಿ, ಮುಂದುವರಿಸು’ ಎಂದು ಒಂದೇ ಸಾಲು ಬರೆದರೂ 80,000 ಟೋಕನ್ ಮತ್ತೆ ಬರೆಯಲ್ಪಡುತ್ತದೆ: 2.4 ಸೆಂಟ್ ಆಗಬೇಕಾದದ್ದು 30 ಸೆಂಟ್. ಮಾಡೆಲ್ ‘ಯೋಚಿಸುವ’ ಟೋಕನ್‌ಗಳೂ ಔಟ್‌ಪುಟ್ ದರದಲ್ಲೇ ಬಿಲ್ ಆಗುತ್ತವೆ, ಅವು ಪರದೆಯ ಮೇಲೆ ಪೂರ್ತಿ ಕಾಣದಿದ್ದರೂ. ಸಾನೆಟ್ 4ರ ಹತ್ತು ಲಕ್ಷದ ಕಾಂಟೆಕ್ಸ್ಟ್ ಬಳಸುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಇನ್‌ಪುಟ್ 2 ಲಕ್ಷ ಟೋಕನ್ ದಾಟಿದರೆ ದರ 3ರಿಂದ 6ಕ್ಕೆ, ಔಟ್‌ಪುಟ್ 15ರಿಂದ 22.50ಕ್ಕೆ ಏರುತ್ತದೆ.

ಕನ್ನಡ ಆ್ಯಪ್ ಮಾಡುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಒತ್ತಕ್ಷರ, ಗುಣಿತಾಕ್ಷರ ಬಂದರೆ ಕಣ್ಣಿಗೆ ಕಾಣುವ ಒಂದು ಅಕ್ಷರದಲ್ಲೇ ಮೂರು ನಾಲ್ಕು ಸಂಕೇತಗಳಿರುತ್ತವೆ. ಪಠ್ಯವನ್ನು ಟೋಕನ್ನಾಗಿ ಒಡೆಯುವ ಟೋಕನೈಸರ್‌ಗಳು ಹೆಚ್ಚಾಗಿ ಇಂಗ್ಲಿಷ್ ಪಠ್ಯದ ಮೇಲೆ ತಯಾರಾದವು. ಹಾಗಾಗಿ ಒಂದೇ ಅರ್ಥದ ವಾಕ್ಯಕ್ಕೆ ಕನ್ನಡದಲ್ಲಿ ಹೆಚ್ಚು ಟೋಕನ್ ಹೋಗುತ್ತದೆ. ಕನ್ನಡದಲ್ಲಿ ಪ್ರಾಂಪ್ಟ್ (ಏಜೆಂಟ್‌ಗೆ ಕೊಡುವ ಸೂಚನೆ) ಬರೆಯುವುದರಿಂದ ಆಗುವ ವ್ಯತ್ಯಾಸ ಸಣ್ಣದು, ನಿಶ್ಚಿಂತೆಯಿಂದ ಬರೆಯಿರಿ. ಭಾರವಾಗುವುದು ಅನುವಾದದ ಜೇಸನ್ ಫೈಲ್. ಸಾವಿರ ಸಾಲಿನ ಕನ್ನಡ ಸ್ಟ್ರಿಂಗ್ ಫೈಲನ್ನು ಏಜೆಂಟ್ ಒಮ್ಮೆ ಓದಿಬಿಟ್ಟರೆ ಅದು ಸೆಷನ್ ಮುಗಿಯುವವರೆಗೂ ಪ್ರತಿ ಹೆಜ್ಜೆಯಲ್ಲೂ ಹೆಗಲ ಮೇಲೆ ಕೂತಿರುತ್ತದೆ. ಬೇಕಾದ ಕೀಯನ್ನು ಹುಡುಕಿ ಅಷ್ಟೇ ತಿದ್ದು ಎಂದು ಮೊದಲೇ ಹೇಳಿ.

ಗಿಟ್‌ಹಬ್ ಕೋಪೈಲಟ್: ಎಣಿಸಬಹುದಾದ ಲೆಕ್ಕ

ಪಾರದರ್ಶಕತೆಯಲ್ಲಿ ಮೊದಲ ಸ್ಥಾನ ಇದಕ್ಕೆ. 2025ರಲ್ಲಿ ಅಳತೆಯ ಹೆಸರು ಪ್ರೀಮಿಯಂ ರಿಕ್ವೆಸ್ಟ್. ಪ್ರೊ ಯೋಜನೆಗೆ ತಿಂಗಳಿಗೆ 300, 39 ಡಾಲರಿನ ಪ್ರೊ ಪ್ಲಸ್‌ಗೆ 1,500, ಉಚಿತ ಯೋಜನೆಗೆ 50. ಮುಗಿದ ಮೇಲೆ ಒಂದಕ್ಕೆ 4 ಸೆಂಟ್. 2025ರ ಜೂನ್ 18ರಿಂದ ಈ ಮಿತಿ ಜಾರಿಗೆ ಬಂತು. ಪ್ರತಿ ಮಾಡೆಲ್‌ಗೂ ಒಂದು ಗುಣಕ ಇದೆ. ಹಣ ಕೊಡುವ ಯೋಜನೆಗಳಲ್ಲಿ ಜಿಪಿಟಿ 4.1ಕ್ಕೆ ಸೊನ್ನೆ, ಅಂದರೆ ಎಷ್ಟು ಬಳಸಿದರೂ ಎಣಿಕೆ ಇಲ್ಲ. ಸಾನೆಟ್ 4ಕ್ಕೆ 1. ಅದಕ್ಕಿಂತ ದೊಡ್ಡ ಮಾಡೆಲ್ ಓಪಸ್ 4ಕ್ಕೆ 10. ಹಾಗಾಗಿ ಪ್ರೊ ಪ್ಲಸ್‌ನ 1,500 ರಿಕ್ವೆಸ್ಟ್ ಓಪಸ್ 4ರಲ್ಲಿ 150 ಪ್ರಾಂಪ್ಟಿಗೆ ಮುಗಿಯುತ್ತದೆ, ಹೆಚ್ಚುವರಿ ಕೊಂಡರೆ ಒಂದು ಪ್ರಾಂಪ್ಟಿಗೆ 40 ಸೆಂಟ್. ಮಾಡೆಲ್ ಆರಿಸುವ ಪಟ್ಟಿಯಲ್ಲೇ ಈ ಗುಣಕ ಪಕ್ಕದಲ್ಲಿ ಕಾಣುತ್ತದೆ. ಎಂಟರ್ ಒತ್ತುವ ಮೊದಲೇ ಖರ್ಚು ಗೊತ್ತಾಗುವುದು ಎಂದರೆ ಇದು.

ಏಜೆಂಟ್ ಮೋಡ್‌ನಲ್ಲಿ ನೀವು ಬರೆದ ಪ್ರಾಂಪ್ಟ್ ಮಾತ್ರ ಎಣಿಕೆಗೆ ಬರುತ್ತದೆ. ಅದರ ಬೆನ್ನಿಗೆ ಏಜೆಂಟ್ ತಾನಾಗಿ ಇಡುವ 30 ಹೆಜ್ಜೆ ಎಣಿಕೆಯಲ್ಲಿಲ್ಲ. ನಮ್ಮ 1.25 ಡಾಲರಿನ ಕೆಲಸಕ್ಕೆ ಸಾನೆಟ್ ಜೊತೆ 3 ಪ್ರಾಂಪ್ಟ್ ಬೇಕಾಯಿತು ಎಂದಿಟ್ಟುಕೊಳ್ಳಿ, 10 ಡಾಲರಿನಲ್ಲಿ ಅಂಥ 100 ಕೆಲಸ ಆಗುತ್ತದೆ. ಎಪಿಐ ದರದಲ್ಲಿ ಅದು 125 ಡಾಲರ್. ಕಂಪನಿಗೆ ಇದು ಹೊರೆ ಎನ್ನುವುದು ಸ್ಪಷ್ಟ, ಹಾಗಾಗಿ ಈ ಗುಣಕಗಳು ಶಾಶ್ವತ ಎಂದು ನಂಬಿ ತಂಡದ ವರ್ಷದ ಬಜೆಟ್ ಹಾಕುವುದು ತಪ್ಪಾಗುತ್ತದೆ.

ಇಲ್ಲಿ ಉಳಿತಾಯದ ದಾರಿ ಸರಳ: ಸಣ್ಣ ಸಣ್ಣ ಮಾತು ಬೇಡ. ಫೈಲ್ ಹೆಸರು, ನಿರೀಕ್ಷಿತ ಫಲಿತಾಂಶ, ಓಡಿಸಬೇಕಾದ ಟೆಸ್ಟ್, ಮುಟ್ಟಬಾರದ ಜಾಗ, ಎಲ್ಲವನ್ನೂ ಒಂದೇ ಪ್ರಾಂಪ್ಟಿನಲ್ಲಿ ಬರೆಯಿರಿ. ‘ಥ್ಯಾಂಕ್ಸ್, ಈಗ ಹೆಸರು ಬದಲಿಸು’ ಎನ್ನುವ ಸಾಲಿಗೂ ಒಂದು ಪೂರ್ತಿ ರಿಕ್ವೆಸ್ಟ್ ಹೋಗುತ್ತದೆ. ಅಂಥದಕ್ಕೆ ಸೊನ್ನೆ ಗುಣಕದ ಮಾಡೆಲ್‌ಗೆ ಬದಲಾಯಿಸಿಕೊಳ್ಳಿ. ಗಿಟ್‌ಹಬ್‌ನಲ್ಲೇ ಓಡುವ ಕೋಡಿಂಗ್ ಏಜೆಂಟ್‌ಗೆ ಇಶ್ಯೂ ಒಪ್ಪಿಸಿದರೆ ಪ್ರೀಮಿಯಂ ರಿಕ್ವೆಸ್ಟ್ ಜೊತೆಗೆ ಆ್ಯಕ್ಷನ್ಸ್ ನಿಮಿಷಗಳೂ (ಗಿಟ್‌ಹಬ್ ಸರ್ವರಿನಲ್ಲಿ ಕೆಲಸ ಓಡುವ ಸಮಯ) ಕರಗುತ್ತವೆ. ಎರಡನೆಯದನ್ನು ಗಮನಿಸದೆ ಇರುವವರೇ ಹೆಚ್ಚು. ಎಣಿಕೆ ಪ್ರತಿ ತಿಂಗಳು 1ನೇ ತಾರೀಕು ಯುಟಿಸಿ ಮಧ್ಯರಾತ್ರಿ, ಅಂದರೆ ನಮ್ಮ ಬೆಳಗಿನ 5.30ಕ್ಕೆ ಸೊನ್ನೆಯಾಗುತ್ತದೆ. ನೀವು ಚಂದಾ ಕಟ್ಟಿದ ದಿನಕ್ಕಲ್ಲ. ಉಳಿದದ್ದು ಮುಂದಿನ ತಿಂಗಳಿಗೆ ಬರುವುದಿಲ್ಲ.

ಕರ್ಸರ್: ತಪ್ಪು, ತಿದ್ದುಪಡಿ, ಈಗಿನ ಸ್ಥಿತಿ

2025ರ ಜೂನ್ ಮಧ್ಯದವರೆಗೆ ಕರ್ಸರ್ ಪ್ರೊ ಲೆಕ್ಕ ಯಾರಿಗೂ ಅರ್ಥವಾಗುತ್ತಿತ್ತು: 20 ಡಾಲರಿಗೆ 500 ಫಾಸ್ಟ್ ರಿಕ್ವೆಸ್ಟ್, ಮುಗಿದ ಮೇಲೆ ಸರದಿಯಲ್ಲಿ ಕಾದು ಸ್ಲೋ ರಿಕ್ವೆಸ್ಟ್. ಜೂನ್ 16ರಂದು ಇದನ್ನು ತೆಗೆದು, ಮಾಡೆಲ್‌ಗಳ ಎಪಿಐ ದರದಲ್ಲಿ 20 ಡಾಲರ್ ಮೌಲ್ಯದ ಬಳಕೆ ಎಂದು ಬದಲಿಸಿದರು. ಜೊತೆಗೆ 200 ಡಾಲರಿನ ಅಲ್ಟ್ರಾ ಯೋಜನೆ ಬಂತು. ಬದಲಾವಣೆಯೇ ಅನ್ಯಾಯ ಎನ್ನಲಾಗದು. ಒಂದು ಸಾಲಿನ ತಿದ್ದುಪಡಿಗೂ 30 ಹೆಜ್ಜೆಯ ಕೆಲಸಕ್ಕೂ ಒಂದೇ ಬೆಲೆ ಇಟ್ಟರೆ ಯಾರೋ ಒಬ್ಬರು ನಷ್ಟ ಹೊರಬೇಕು. ಅನ್ಯಾಯವಾದದ್ದು ಹೇಳಿದ ರೀತಿಯಲ್ಲಿ. ‘ಅನ್‌ಲಿಮಿಟೆಡ್’ ಎಂಬ ಮಾತು ಮಾಡೆಲನ್ನು ಕರ್ಸರೇ ಆರಿಸುವ ಆಟೊ ಆಯ್ಕೆಗೆ ಮಾತ್ರ ಅನ್ವಯಿಸುತ್ತಿತ್ತು, ಓದಿದವರು ಎಲ್ಲ ಮಾಡೆಲ್‌ಗೂ ಎಂದುಕೊಂಡರು. ಕೆಲವೇ ದಿನಗಳಲ್ಲಿ ಹೆಚ್ಚುವರಿ ಬಿಲ್ ಬಂತು. ಜುಲೈ 4ರಂದು ಕಂಪನಿ ತಾನು ಸ್ಪಷ್ಟವಾಗಿ ತಿಳಿಸಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಜೂನ್ 16ರಿಂದ ಜುಲೈ 4ರ ನಡುವಿನ ಅನಿರೀಕ್ಷಿತ ಶುಲ್ಕ ಹಿಂದಿರುಗಿಸುವುದಾಗಿ ಹೇಳಿತು.

ಅದೇ ವಿವರಣೆಯಲ್ಲಿ ಬಂದ ಅಂಕಿಗಳು ಮುಖ್ಯ. 20 ಡಾಲರಿನಲ್ಲಿ ಸಾಮಾನ್ಯ ಬಳಕೆದಾರರಿಗೆ ಸುಮಾರು 225 ಸಾನೆಟ್ 4 ರಿಕ್ವೆಸ್ಟ್, ಅಥವಾ 550 ಜೆಮಿನಿ, ಅಥವಾ 650 ಜಿಪಿಟಿ 4.1. ಸಾನೆಟ್ ಬಳಸುವವರಿಗೆ ಒಂದು ರಿಕ್ವೆಸ್ಟ್ 4 ಸೆಂಟಿನಿಂದ ಸುಮಾರು 9 ಸೆಂಟಿಗೆ ಏರಿದಂತಾಯಿತು. ಇವು ಸರಾಸರಿ ಕೆಲಸದ ಅಂಕಿಗಳು. ನಮ್ಮ 1.25 ಡಾಲರಿನ ಭಾರೀ ಕೆಲಸವಾದರೆ ತಿಂಗಳಿಗೆ 16.

ಆಟೊ ಕೂಡ ಬಹಳ ದಿನ ಮಿತಿಯಿಲ್ಲದೆ ಉಳಿಯಲಿಲ್ಲ. ಸೆಪ್ಟೆಂಬರ್ 15ರ ನಂತರದ ನವೀಕರಣಗಳಿಗೆ ಅದಕ್ಕೂ ದರ ಬಂತು: ಹತ್ತು ಲಕ್ಷ ಇನ್‌ಪುಟ್‌ಗೆ 1.25 ಡಾಲರ್, ಔಟ್‌ಪುಟ್‌ಗೆ 6, ಕ್ಯಾಶ್ ಓದಿಗೆ 0.25. ನೋಡಿದರೆ ಸಾನೆಟ್‌ಗಿಂತ ಅರ್ಧಕ್ಕೂ ಕಡಿಮೆ ಅನ್ನಿಸುತ್ತದೆ. ಆದರೆ ಏಜೆಂಟ್ ಕೆಲಸದಲ್ಲಿ ಬಹುಪಾಲು ಟೋಕನ್ ಕ್ಯಾಶ್ ಓದು, ಅಲ್ಲಿ ವ್ಯತ್ಯಾಸ 0.30ಕ್ಕೂ 0.25ಕ್ಕೂ ಇರುವಷ್ಟೇ. ನಮ್ಮ ಅಳತೆಗಲ್ಲಿನ ಕೆಲಸ ಆಟೊದಲ್ಲಿ ಸುಮಾರು 79 ಸೆಂಟ್ ಆಗುತ್ತದೆ. ಉದ್ದನೆಯ ಸೆಷನ್ ಇಟ್ಟುಕೊಂಡು ಆಟೊಗೆ ಬದಲಾಯಿಸಿದರೆ ಉಳಿತಾಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಹೊಸ ಸೆಷನ್ ತೆರೆದು ಕಾಂಟೆಕ್ಸ್ಟ್ ಇಳಿಸುವುದು ಅದಕ್ಕಿಂತ ಹೆಚ್ಚು ಉಳಿಸುತ್ತದೆ.

ಈಗ ಕರ್ಸರ್ ಡ್ಯಾಶ್‌ಬೋರ್ಡಿನಲ್ಲಿ ಪ್ರತಿ ರಿಕ್ವೆಸ್ಟಿಗೂ ಮಾಡೆಲ್, ಟೋಕನ್, ಖರ್ಚು ಸಾಲುಸಾಲಾಗಿ ಸಿಗುತ್ತದೆ. ಆದ ಖರ್ಚು ತಿಳಿಯಲು ಇದಕ್ಕಿಂತ ಒಳ್ಳೆಯ ಪುಟ ಈ ಮೂವರಲ್ಲಿ ಇನ್ಯಾರದೂ ಇಲ್ಲ. ಆಗಲಿರುವ ಖರ್ಚು ಮಾತ್ರ ಊಹೆಯೇ. ಕೊಂಡ ದಿನವೇ ಸ್ಪೆಂಡಿಂಗ್ ಪುಟಕ್ಕೆ ಹೋಗಿ ಆನ್-ಡಿಮಾಂಡ್ ಬಳಕೆಯನ್ನು (ಚಂದಾ ಮಿತಿ ಮುಗಿದ ಮೇಲೆ ಹೆಚ್ಚುವರಿ ಹಣಕ್ಕೆ ಮುಂದುವರಿಯುವುದನ್ನು) ನಿಲ್ಲಿಸಿ, ಬೇಕಾದರೆ 5 ಅಥವಾ 10 ಡಾಲರ್ ಮಿತಿ ಹಾಕಿ. ಹೆಚ್ಚು ಕಾಂಟೆಕ್ಸ್ಟ್ ಬಳಸುವ ಮ್ಯಾಕ್ಸ್ ಮೋಡ್ ಯಾವಾಗಲೂ ಆನ್ ಇಟ್ಟುಕೊಳ್ಳಬೇಡಿ.

ಕ್ಲಾಡ್ ಕೋಡ್: ಅಳತೆ ಧಾರಾಳ, ಸೇರಿನ ಗಾತ್ರ ಮಾತ್ರ ಕಾಣದು

20 ಡಾಲರಿನ ಪ್ರೊ, 100 ಮತ್ತು 200 ಡಾಲರಿನ ಮ್ಯಾಕ್ಸ್. ಎರಡು ಮಿತಿಗಳು ಒಂದರ ಮೇಲೊಂದು ಇವೆ. ಮೊದಲ ಸಂದೇಶದಿಂದ ಶುರುವಾಗುವ 5 ಗಂಟೆಯ ಕಿಟಕಿ ಒಂದು, ವಾರದ ಮಿತಿ ಇನ್ನೊಂದು. ವಾರದ ಮಿತಿಯನ್ನು 2025ರ ಜುಲೈ ಕೊನೆಗೆ ಪ್ರಕಟಿಸಿ ಆಗಸ್ಟ್ 28ರಿಂದ ಜಾರಿಗೆ ತಂದರು. ಒಂದು ತಿಂಗಳು ಮೊದಲೇ ತಿಳಿಸಿದ್ದು ಒಳ್ಳೆಯ ನಡೆ. ದಿನದ 24 ಗಂಟೆಯೂ ಹಿನ್ನೆಲೆಯಲ್ಲಿ ಓಡಿಸುವವರು, ಖಾತೆ ಹಂಚಿಕೊಳ್ಳುವವರು ಇದಕ್ಕೆ ಕಾರಣ, ಶೇ 5ಕ್ಕಿಂತ ಕಡಿಮೆ ಚಂದಾದಾರರಿಗೆ ಮಾತ್ರ ಇದು ತಟ್ಟುತ್ತದೆ ಎಂದು ಕಂಪನಿ ಹೇಳಿತು.

ಆಗ ಕೊಟ್ಟ ಅಂಕಿಗಳು ಗಂಟೆಯಲ್ಲಿದ್ದವು. ಪ್ರೊಗೆ ವಾರಕ್ಕೆ 40ರಿಂದ 80 ಗಂಟೆ ಸಾನೆಟ್ 4. 100 ಡಾಲರಿನದಕ್ಕೆ 140ರಿಂದ 280 ಗಂಟೆ ಸಾನೆಟ್, 15ರಿಂದ 35 ಗಂಟೆ ಓಪಸ್ 4. 200 ಡಾಲರಿನದಕ್ಕೆ 240ರಿಂದ 480 ಗಂಟೆ ಸಾನೆಟ್, 24ರಿಂದ 40 ಗಂಟೆ ಓಪಸ್. ವಾರಕ್ಕೆ ಇರುವುದೇ 168 ಗಂಟೆ. 480 ಗಂಟೆ ಎಂಬುದಕ್ಕೆ ಅರ್ಥ ಬರುವುದು ಹಲವು ಸೆಷನ್ ಒಟ್ಟಿಗೆ ಓಡಿಸಿದಾಗ ಮಾತ್ರ. ‘ಒಂದು ಗಂಟೆ’ ಎಂದರೆ ಮಾಡೆಲ್ ಕೆಲಸ ಮಾಡುತ್ತಿರುವ ಸಮಯವೋ, ಸೆಷನ್ ತೆರೆದಿಟ್ಟ ಸಮಯವೋ, ಎಷ್ಟು ಕಾಂಟೆಕ್ಸ್ಟ್ ಹೊತ್ತುಕೊಂಡು? ಹೆಚ್ಚು ಕಡಿಮೆ ಎರಡು ಪಟ್ಟಿನ ಅಂತರ ಇಟ್ಟುಕೊಂಡ ಅಂಕಿಯಿಂದ ಕೊಳ್ಳುವವರು ಏನನ್ನೂ ಲೆಕ್ಕ ಹಾಕಲಾರರು. 100 ಡಾಲರಿನ ಯೋಜನೆಯ ಹೆಸರಿನಲ್ಲೇ 5 ಪಟ್ಟು, 200ರದ್ದರಲ್ಲಿ 20 ಪಟ್ಟು ಎಂದಿದೆ. ವಾರದ ಗಂಟೆಗಳಲ್ಲಿ ಮಾತ್ರ 200 ಡಾಲರಿನದು ಪ್ರೊಗಿಂತ 6 ಪಟ್ಟು ಅಷ್ಟೇ. ಆ 20 ಪಟ್ಟು 5 ಗಂಟೆಯ ಕಿಟಕಿಗೆ ಸೇರಿದ ಮಾತು. ಇದು ಬೆಲೆಯ ಪಕ್ಕದಲ್ಲೇ ಬರೆದಿರಬೇಕಾದ ವಿಷಯ.

ಆ ಅಂಕಿಗಳೂ ಬೇಗ ಹಳತಾದವು. ನವೆಂಬರಿನಲ್ಲಿ ಓಪಸ್ 4.5 ಬಂದಾಗ ಎಪಿಐ ದರ 15 ಮತ್ತು 75ರಿಂದ 5 ಮತ್ತು 25 ಡಾಲರಿಗೆ ಇಳಿಯಿತು, ಓಪಸ್‌ಗೆ ಇದ್ದ ಪ್ರತ್ಯೇಕ ಮಿತಿಯನ್ನೂ ತೆಗೆದರು. ಬಳಕೆದಾರರಿಗೆ ಲಾಭವೇ ಆಯಿತು. ಆದರೂ ಟೋಕನ್‌ನಲ್ಲಿ ಬರೆದ ಒಂದು ಅಂಕಿ ಇದ್ದಿದ್ದರೆ ಎಷ್ಟು ಲಾಭ ಎಂದು ತಿಳಿಯುತ್ತಿತ್ತು.

ಟರ್ಮಿನಲ್‌ನಲ್ಲಿ ಸ್ಲ್ಯಾಶ್ ಯೂಸೇಜ್ (/usage) ಎಂದು ಕೊಟ್ಟರೆ ಸೆಷನ್ ಮತ್ತು ವಾರದ ಬಳಕೆ ಶೇಕಡಾವಾರು, ಮರುಹೊಂದುವ ಸಮಯದ ಸಮೇತ ಕಾಣುತ್ತದೆ. ಯಾವುದರ ಶೇಕಡಾ ಎನ್ನುವುದು ಕಾಣುವುದಿಲ್ಲ. ಇದಕ್ಕೆ ಸಿಸಿಯೂಸೇಜ್ (ccusage) ಎಂಬ ಮುಕ್ತ ತಂತ್ರಾಂಶ ನೆರವಾಗುತ್ತದೆ. ಕ್ಲಾಡ್ ಕೋಡ್ ನಿಮ್ಮ ಕಂಪ್ಯೂಟರಿನಲ್ಲೇ ಬರೆದಿಡುವ ದಾಖಲೆ ಓದಿ ದಿನವಾರು ಟೋಕನ್ ಮತ್ತು ಅದರ ಎಪಿಐ ಬೆಲೆ ತೋರಿಸುತ್ತದೆ. ಶೇ 10 ಕರಗಿದಾಗ ಎಷ್ಟು ಡಾಲರ್ ಮೌಲ್ಯ ಹೋಯಿತು ಎಂದು ಬರೆದಿಟ್ಟುಕೊಂಡರೆ ಎರಡು ವಾರದಲ್ಲಿ ನಿಮ್ಮ ಸೇರಿನ ಗಾತ್ರ ನಿಮಗೇ ಸಿಗುತ್ತದೆ. ವೆಬ್‌ನಲ್ಲಿ ಕ್ಲಾಡ್ ಜೊತೆ ಮಾಡುವ ಚಾಟ್ ಕೂಡ ಇದೇ ಮಿತಿಯಿಂದ ಕಳೆಯುತ್ತದೆ ಎಂಬುದು ನೆನಪಿರಲಿ.

ಅತಿ ದುಬಾರಿ ಎಡವಟ್ಟು ಒಂದಿದೆ. ಹಿಂದೆಂದೋ ಬೇರೆ ಕೆಲಸಕ್ಕೆ ಆಂಥ್ರೋಪಿಕ್ ಎಪಿಐ ಕೀಯನ್ನು ಶೆಲ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಹಾಕಿಟ್ಟಿದ್ದರೆ ಕ್ಲಾಡ್ ಕೋಡ್ ಚಂದಾ ಬಿಟ್ಟು ಆ ಕೀಗೆ ಬಿಲ್ ಮಾಡಬಹುದು. ಚಂದಾ ಕಟ್ಟಿದ ತಕ್ಷಣ ಸ್ಲ್ಯಾಶ್ ಸ್ಟೇಟಸ್ ಕೊಟ್ಟು ಯಾವ ಖಾತೆಯಿಂದ ಓಡುತ್ತಿದೆ ನೋಡಿ. ಕೀ ಕಂಡರೆ ಬ್ಯಾಷ್ ಅಥವಾ ಝೆಡ್‌ಶೆಲ್ ಸಂರಚನಾ ಫೈಲಿನಿಂದ ತೆಗೆದು ಹೊಸ ಟರ್ಮಿನಲ್ ತೆರೆಯಿರಿ.

ಕಿಟಕಿ 5 ಗಂಟೆಯದಾದ್ದರಿಂದ ಸಮಯವೂ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ 11ಕ್ಕೆ ಶುರುಮಾಡಿ 1ಕ್ಕೆ ಮಿತಿ ಮುಟ್ಟಿದರೆ 4ರವರೆಗೆ ಕಾಯಬೇಕು. 8ಕ್ಕೇ ಒಂದು ಸಣ್ಣ ಸಂದೇಶ ಕಳಿಸಿ ಕಿಟಕಿ ತೆರೆದಿದ್ದರೆ 1ಕ್ಕೇ ಹೊಸದು ಶುರು. ವಾರದ ಮಿತಿಗೆ ಈ ಉಪಾಯ ನಡೆಯುವುದಿಲ್ಲ.

ಭಾರೀ ಬಳಕೆಗೆ ಇದಕ್ಕಿಂತ ಲಾಭದ ಚಂದಾ ಸಿಗುವುದು ಕಷ್ಟ. ದಿನಕ್ಕೆ 1.25 ಡಾಲರಿನ 10 ಕೆಲಸ, ತಿಂಗಳಿಗೆ 22 ದಿನ ಎಂದರೆ ಎಪಿಐ ದರದಲ್ಲಿ 275 ಡಾಲರ್. 100 ಡಾಲರಿನ ಮ್ಯಾಕ್ಸ್ ಧಾರಾಳವಾಗಿ ಲಾಭ. ದಿನಕ್ಕೆ 3 ಕೆಲಸವಾದರೆ 82 ಡಾಲರ್. ಆಗ ಮ್ಯಾಕ್ಸ್ ನಷ್ಟ, ಪ್ರೊ ತೆಗೆದುಕೊಂಡು ಮಿತಿ ಮುಟ್ಟುತ್ತದೆಯೇ ನೋಡುವುದು ಜಾಣತನ.

ಕೋಡೆಕ್ಸ್ ಬಗ್ಗೆ ಒಂದೇ ಮಾತು: ಅಲ್ಲೂ 5 ಗಂಟೆಯ ಕಿಟಕಿ, ವಾರದ ಮಿತಿ. 2025ರ ಸೆಪ್ಟೆಂಬರ್ ಹೊತ್ತಿಗೆ ಪ್ಲಸ್‌ಗೆ ಕೊಟ್ಟ ಅಂಕಿ 5 ಗಂಟೆಗೆ 30ರಿಂದ 150 ಸಂದೇಶ. ಐದು ಪಟ್ಟಿನ ಅಂತರ. ಕ್ಲಾಡ್ ಮೇಲಿನ ದೂರು ಇದಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ.

ಟೋಕನ್ ಎಣಿಸುವ ಕಡೆ ಉಳಿಸುವ ದಾರಿ

ಕೋಪೈಲಟ್‌ಗೆ ಹೇಳಿದ ಅಭ್ಯಾಸ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಪ್ರಾಂಪ್ಟ್ ಎಷ್ಟು ಎನ್ನುವುದಕ್ಕಿಂತ ಕಾಂಟೆಕ್ಸ್ಟ್ ಎಷ್ಟು ಭಾರ ಎನ್ನುವುದೇ ಮುಖ್ಯ. ಒಂದು ಕೆಲಸ ಮುಗಿದೊಡನೆ ಸ್ಲ್ಯಾಶ್ ಕ್ಲಿಯರ್ ಕೊಡಿ; ಹಿಂದಿನದು ಬೇಕೇ ಬೇಕೆಂದರೆ ಮಾತ್ರ ಕಾಂಪ್ಯಾಕ್ಟ್, ಯಾಕೆಂದರೆ ಸಾರಾಂಶ ಬರೆಯುವುದಕ್ಕೂ ಟೋಕನ್ ಹೋಗುತ್ತದೆ. ಟೆಸ್ಟ್ ಲಾಗ್ ಪೂರ್ತಿ ಓದಲು ಬಿಡಬೇಡಿ, ಕೊನೆಯ 50 ಸಾಲು ಸಾಕು. ಪ್ಯಾಕೇಜ್ ಲಾಕ್ ಫೈಲ್, ಬಿಲ್ಡ್ ಫೋಲ್ಡರ್, ಮಿನಿಫೈ ಮಾಡಿದ ಫೈಲುಗಳನ್ನು ಕರ್ಸರ್‌ನ ಇಗ್ನೋರ್ ಫೈಲಿನಲ್ಲಿ ಅಥವಾ ಕ್ಲಾಡ್ ಕೋಡ್‌ನ ಅನುಮತಿ ಪಟ್ಟಿಯಲ್ಲಿ ತಡೆಯಿರಿ. ಏಜೆಂಟ್‌ಗೆ ಹೊರಗಿನ ಟೂಲ್ ಜೋಡಿಸುವ ಎಂಸಿಪಿ ಸರ್ವರ್‌ಗಳಲ್ಲಿ ಬಳಸದವನ್ನು ತೆಗೆಯಿರಿ. ಅವುಗಳ ಟೂಲ್ ವಿವರಣೆ ನೀವು ಏನೂ ಕೇಳದಿದ್ದರೂ ಕಾಂಟೆಕ್ಸ್ಟ್‌ನಲ್ಲಿ ಜಾಗ ಹಿಡಿದಿರುತ್ತದೆ. ಸ್ಲ್ಯಾಶ್ ಕಾಂಟೆಕ್ಸ್ಟ್ ಕೊಟ್ಟರೆ ಯಾವುದು ಎಷ್ಟು ತಿನ್ನುತ್ತಿದೆ ಎಂದು ಬಿಡಿಸಿ ತೋರಿಸುತ್ತದೆ. ಒಂದೇ ಟೆಸ್ಟನ್ನು ಏಜೆಂಟ್ ಎರಡು ಸಲ ತಿದ್ದಿಯೂ ಸರಿಯಾಗದಿದ್ದರೆ ಎಸ್ಕೇಪ್ ಒತ್ತಿ ನಿಲ್ಲಿಸಿ. ಮೂರನೇ ಪ್ರಯತ್ನವೂ ಅದೇ ತಪ್ಪು ಊಹೆಯ ಮೇಲೆ ನಿಂತಿರುತ್ತದೆ, ಹಿಂದಿನ ಎರಡರ ಭಾರವನ್ನೂ ಹೊತ್ತು.

ನಮ್ಮ ಕಾರ್ಡಿನಲ್ಲಿ ಬೀಳುವ ಬಿಲ್

20 ಡಾಲರ್ ಎಂದರೆ 20 ಡಾಲರ್ ಅಲ್ಲ. ಡಾಲರಿಗೆ 88 ರೂಪಾಯಿ ಹಿಡಿದರೆ 1,760. ವಿದೇಶಿ ಡಿಜಿಟಲ್ ಸೇವೆಗೆ ಶೇ 18 ಜಿಎಸ್‌ಟಿ ಸೇರಿದರೆ 2,077. ಶೇ 3.5 ಫಾರೆಕ್ಸ್ ಮಾರ್ಕಪ್ ಇರುವ ಕಾರ್ಡಾದರೆ, ಆ ಮಾರ್ಕಪ್ ಮೇಲೂ ಜಿಎಸ್‌ಟಿ ಸೇರಿ, ಸುಮಾರು 2,160. ಜಿಎಸ್‌ಟಿ ನೋಂದಣಿ ಇರುವ ಫ್ರೀಲಾನ್ಸರ್‌ಗಳು, ಸಣ್ಣ ಕಂಪನಿಗಳು ಮೊದಲ ಪಾವತಿಗೆ ಮುಂಚೆಯೇ ಬಿಲ್ಲಿಂಗ್ ವಿವರದಲ್ಲಿ ಜಿಎಸ್‌ಟಿಐಎನ್ ತುಂಬಿ. ತೆರಿಗೆಯನ್ನು ರಿವರ್ಸ್ ಚಾರ್ಜ್ ಮೂಲಕ, ಅಂದರೆ ನೀವೇ ಸರ್ಕಾರಕ್ಕೆ ಕಟ್ಟಿ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು.

200 ಡಾಲರಿನ ಯೋಜನೆಗೆ ಇನ್ನೊಂದು ತೊಡಕು. ಆರ್‌ಬಿಐ ನಿಯಮದಂತೆ ಕಾರ್ಡಿನಿಂದ ತಾನಾಗಿ ಕಡಿತವಾಗುವ ಇ-ಮ್ಯಾಂಡೇಟ್‌ಗೆ 15,000 ರೂಪಾಯಿ ಮಿತಿ. ಅದರ ಮೇಲಿನದಕ್ಕೆ ಪ್ರತಿ ತಿಂಗಳೂ ಒಟಿಪಿ ಕೊಡಬೇಕು. ತೆರಿಗೆ ಸೇರಿ 20,000 ದಾಟುವ ಈ ಚಂದಾ ನವೀಕರಣದ ದಿನ ಒಟಿಪಿ ತಪ್ಪಿದರೆ ನಿಂತುಹೋಗುತ್ತದೆ. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಬರುವ ಸೂಚನೆಯನ್ನು ನಿರ್ಲಕ್ಷಿಸಬೇಡಿ. 100 ಡಾಲರಿನದು 10,400ರ ಆಸುಪಾಸು, ಅದಕ್ಕೆ ಈ ಸಮಸ್ಯೆ ಇಲ್ಲ.

ವರ್ಷದ ಚಂದಾ ಬೇಡ. ಕ್ಲಾಡ್ ಪ್ರೊ ವರ್ಷಕ್ಕೆ 200 ಡಾಲರ್, ಅಂದರೆ 40 ಡಾಲರ್ ಉಳಿತಾಯ. ಕೋಪೈಲಟ್ ಪ್ರೊ 100 ಡಾಲರ್, 20 ಉಳಿತಾಯ. ಒಂದೇ ವರ್ಷದಲ್ಲಿ ಮೂರೂ ಕಡೆ ಮಿತಿ ಬದಲಾಗಿರುವಾಗ ಆ ಉಳಿತಾಯಕ್ಕೆ ಕೈ ಕಟ್ಟಿಸಿಕೊಳ್ಳುವುದು ಲಾಭವಲ್ಲ. ತಿಂಗಳ ಚಂದಾ ನಿಲ್ಲಿಸುವಾಗ ಮೊದಲು ಆನ್-ಡಿಮಾಂಡ್ ಬಳಕೆ ಆಫ್ ಮಾಡಿ, ಆಮೇಲೆ ನವೀಕರಣ ರದ್ದುಮಾಡಿ, ಬಾಕಿ ಬಿಲ್ ಬಂದು ತೀರಿದ ನಂತರ ಬ್ಯಾಂಕಿನ ಆ್ಯಪ್‌ನಲ್ಲಿ ಇ-ಮ್ಯಾಂಡೇಟ್ ಕೂಡ ತೆಗೆಯಿರಿ.